ಕಪ್ಪು ರಬ್ಬರ್ ಕೋಟಿಂಗೋ, ಕುರಿ ಜಿಡ್ಡೋ? ಗಾಡಿಯ ಹೊಟ್ಟೆಗೆ ಬಳಿದು ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ, ಕಾರಿನ ತಳಕ್ಕೆ ತುಕ್ಕು ಹಿಡಿಯದಂತೆ ಏನು ಬಳಿಯಬೇಕು ಅಂದರೆ ನನ್ನ ಓಟು ಲ್ಯಾನೊಲಿನ್‌ಗೆ. ಕುರಿ ಉಣ್ಣೆ ತೊಳೆದಾಗ ಸಿಗುವ ಹಳದಿ ಜಿಡ್ಡು ಅದು. ಹಾಗಂತ ನಾನು ಮೊದಲಿಂದಲೂ ಅದರ ಕಡೆಯವನಲ್ಲ. ಕಾರು ಹೊಸದಾಗಿದ್ದಾಗ ಎಲ್ಲರ ಹಾಗೆ ಕಪ್ಪು ರಬ್ಬರ್ ಕೋಟಿಂಗ್ ಹೊಡೆಸಿದ್ದೆ. ಲಿಫ್ಟ್ ಮೇಲೆ ಎತ್ತಿದ ಗಾಡಿಯ ಹೊಟ್ಟೆ ಮಿರಮಿರ ಮಿಂಚುತ್ತಿತ್ತು. ಫೋಟೋ ಬೇರೆ ತೆಗೆದುಕೊಂಡೆ. ಇನ್ನು ಗಾಡಿ ಮಾರುವವರೆಗೂ ಕೆಳಗೆ ಬಗ್ಗಿ ನೋಡುವ ಕೆಲಸವಿಲ್ಲ ಅಂದುಕೊಂಡೆ.

4ನೇ ವರ್ಷ ಒಂದು ಸದ್ದು ಶುರುವಾಯಿತು. ಬ್ರೇಕ್ ಒತ್ತಿದರೆ ಎಲ್ಲೋ ಮುಂದೆ ‘ಗುಳುಕ್’. ಗಾಡಿ ಹೊರಟರೆ ಹಿಂದೆ ‘ಗುಳುಕ್’. ಸೀಟಿನ ಕೆಳಗೆ ನೀರಿನ ಬಾಟಲಿ ಉರುಳಿರಬೇಕು ಅಂತ ಹುಡುಕಿದೆ. ಸಿಕ್ಕಿದ್ದು ಒಂದು ಪೆನ್ನು. ಡಿಕ್ಕಿ ಖಾಲಿ ಮಾಡಿದೆ. ಪೆಟ್ರೋಲ್ ಅಲುಗಾಡುವ ಸದ್ದಿರಬಹುದು ಅಂತ ಟ್ಯಾಂಕ್ ತುಂಬಿಸಿಯೂ ನೋಡಿದೆ. ಸದ್ದು ಹೋಗಲಿಲ್ಲ. ತಮಾಷೆ ಅಂದರೆ, ಮಳೆ ಬಂದ ಮಾರನೇ ದಿನ ಅದು ಜಾಸ್ತಿ ಆಗುತ್ತಿತ್ತು. ನನಗೆ ಅಲ್ಲೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಕೊನೆಗೆ ಮೆಕ್ಯಾನಿಕ್ ಒಬ್ಬರು ಕಾರಿನ ಪಕ್ಕದಲ್ಲಿ ಕೂತು ಬಾಗಿಲ ಕೆಳಗಿನ ಉದ್ದ ಪಟ್ಟಿಯನ್ನು ಬೆರಳಲ್ಲಿ ತಟ್ಟಿದರು. ಆ ಪಟ್ಟಿ ಒಳಗೆ ಟೊಳ್ಳು. ಮೇಲಿಂದ ಹೇಗೋ ಇಳಿದು ಬರುವ ಮಳೆನೀರು ಹೊರಗೆ ಹೋಗಲಿ ಅಂತ ಅದರ ತಳದಲ್ಲಿ ಸಣ್ಣ ತೂತುಗಳನ್ನು ಬಿಟ್ಟಿರುತ್ತಾರೆ. ಕೋಟಿಂಗ್ ಹೊಡೆದವರು ಆ ತೂತುಗಳಿಗೆ ಟೇಪು ಅಂಟಿಸಿರಲಿಲ್ಲ. ಎಲ್ಲಾ ಕಪ್ಪು ಪದರದ ಕೆಳಗೆ ಮುಚ್ಚಿಹೋಗಿದ್ದವು. ಮೆಕ್ಯಾನಿಕ್ ಸ್ಕ್ರೂಡ್ರೈವರ್ ತುದಿಯಿಂದ ಒಂದನ್ನು ಚುಚ್ಚಿದ್ದೇ ತಡ, ಇಟ್ಟಿಗೆ ಬಣ್ಣದ ನೀರು ನಲ್ಲಿ ಬಿಟ್ಟ ಹಾಗೆ ಸುರಿಯಿತು. ಅರ್ಧ ಬಕೆಟ್ ಇರಬಹುದು. ತುಕ್ಕು ಹಿಡಿಯಬಾರದು ಅಂತ ದುಡ್ಡು ಕೊಟ್ಟು, ಗಾಡಿಯೊಳಗೆ ನಾನೇ ಒಂದು ತೊಟ್ಟಿ ಕಟ್ಟಿಸಿಕೊಂಡಿದ್ದೆ!

ಅಷ್ಟಕ್ಕೇ ಮುಗಿಯಲಿಲ್ಲ. ಅವರು ಜಾಕ್ ಪಾಯಿಂಟ್ ಹತ್ತಿರ ಉಗುರಲ್ಲಿ ಕೆರೆದರು. ಹಸ್ತದಗಲ ರಬ್ಬರ್ ಹಾಳೆ ಎದ್ದು ಬಂತು. ಕೆಳಗೆ ಪದರ ಪದರವಾಗಿ ಕಂದು ತುಕ್ಕು. ಜಾಕ್ ತಾಗಿಯೋ ಕಲ್ಲು ಬಡಿದೋ ಒಂದು ಸೀಳು ಬಿದ್ದರೆ ಸಾಕಂತೆ, ನೀರು ಅಲ್ಲಿಂದ ನುಗ್ಗಿ ರಬ್ಬರಿನ ಹಿಂದೆ ಹರಡುತ್ತದೆ. ಹೋದ ನೀರು ಒಣಗುವುದಿಲ್ಲ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಡುತ್ತದೆ, ಕಡಿಮೆಯೆಂದರೂ 2 ಪಟ್ಟು. ಹಾಗಾಗಿ ಒಳಗಿಂದಲೇ ಕೋಟಿಂಗನ್ನು ಎಬ್ಬಿಸುತ್ತಾ ಹೋಗುತ್ತದೆ. ಹೊರಗಿನಿಂದ ನೋಡಿದರೆ ಮಾತ್ರ ಅದೇ ಮಿರಮಿರ ಕಪ್ಪು. ನನಗೆ ಹೊಟ್ಟೆ ಉರಿದದ್ದು ಅದಕ್ಕೇ. ತುಕ್ಕು ಹಿಡಿದದ್ದಕ್ಕಲ್ಲ, ಹಿಡಿದದ್ದು ಕಾಣದೇ ಹೋದದ್ದಕ್ಕೆ.

ತೂತು ಮುಚ್ಚಿದ್ದು ಕೈಯ ತಪ್ಪು, ರಬ್ಬರಿನದ್ದಲ್ಲ ಅನ್ನಬಹುದು. ಒಪ್ಪುತ್ತೇನೆ. ಚಕ್ರದ ಮೇಲಿನ ಗೂಡಿನಲ್ಲಿ ಕಲ್ಲೇಟು ತಡೆಯುವುದಕ್ಕೆ, ರಸ್ತೆಯ ಸದ್ದು ಇಳಿಸುವುದಕ್ಕೆ ಈಗಲೂ ರಬ್ಬರಿಗೆ ಸಾಟಿಯಿಲ್ಲ. ಒಂಚೂರೂ ತುಕ್ಕಿಲ್ಲದ ಹೊಸ ಗಾಡಿಗೆ, ತೂತುಗಳಿಗೆಲ್ಲ ಟೇಪು ಹಾಕಿ, ಪೂರ್ತಿ ಒಣಗಿಸಿ ಹೊಡೆದರೆ ಚೆನ್ನಾಗಿಯೇ ಬಾಳುತ್ತದೆ. ಹಳೇ ತುಕ್ಕಿನ ಮೇಲೆ ಹೊಡೆಸುವುದು ಮಾತ್ರ ಗಾಯ ತೊಳೆಯದೆ ಬ್ಯಾಂಡೇಜ್ ಸುತ್ತಿದ ಹಾಗೆ.

ಪಟ್ಟಿಯನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿದೆ. ವೆಲ್ಡಿಂಗ್ ಬಿಸಿಗೆ ಹಿಂಬದಿಯ ಬಣ್ಣ ಸುಟ್ಟುಹೋಗುತ್ತದೆ, ಆದ್ದರಿಂದ ಟೊಳ್ಳಿನ ಒಳಗೆ ಮೇಣ ಹೊಡೆಸಲೇಬೇಕು. ಉದ್ದನೆಯ ನಳಿಗೆ, ಸುತ್ತಲೂ ಚಿಮ್ಮುವ ಮೂತಿ. ಕೆಲಸ ಸಲೀಸು, ಕೈಗೆ ಅಂಟುವುದೂ ಕಡಿಮೆ. ಟೊಳ್ಳು ಭಾಗಗಳಿಗೆ ಮೇಣಕ್ಕೇ ನನ್ನ ಮೊದಲ ಮಣೆ. ಗಾಡಿಯ ಹೊರಗಿನ ತಳಕ್ಕೂ ಅದನ್ನೇ ಬಳಿದೆ. ಅಲ್ಲಿ ಗಟ್ಟಿಯಾಗಿ, ಎರಡನೇ ವರ್ಷ ಅಂಚುಗಳಲ್ಲಿ ಬಿರುಕು ಬಿಟ್ಟಿತು.

ಹಳೇ ಇಂಜಿನ್ ಆಯಿಲ್ ಬಳಿ ಅಂತ ಸಲಹೆ ಕೊಟ್ಟವರೂ ಇದ್ದರು. ಬೇಡ. ತಳದ ಜೋಡಣೆಗಳಲ್ಲಿರುವ ರಬ್ಬರ್ ಬುಷ್‌ಗಳು ಉಬ್ಬುತ್ತವೆ, ನೆಲಕ್ಕೆಲ್ಲ ಕೊಳಕು ತೊಟ್ಟಿಕ್ಕುತ್ತದೆ. ಬ್ಯಾಟರಿಗೆ ಸಿಕ್ಕಿಸಿದರೆ ತುಕ್ಕು ತಡೆಯುತ್ತದೆ ಎನ್ನುವ ಪುಟ್ಟ ಡಬ್ಬಿಯೂ ಸುಮ್ನೆ. ಆ ಉಪಾಯ ನೀರಲ್ಲಿ ಮುಳುಗಿರುವ ಹಡಗಿಗೆ, ಮಣ್ಣಲ್ಲಿ ಹೂತ ಪೈಪಿಗೆ ನಡೆಯುತ್ತದೆ. ಅಲ್ಲಿ ಸುತ್ತಲಿನ ನೀರು, ಮಣ್ಣಿನ ಮೂಲಕ ಕರೆಂಟ್ ಹರಿಯುತ್ತದೆ, ಗಾಳಿಯಲ್ಲಿ ಓಡುವ ಕಾರಿಗೆ ಅಂಥ ದಾರಿಯೇ ಇಲ್ಲವಲ್ಲ.

ಇನ್ನು ಕುರಿ ಜಿಡ್ಡು. ಇದು ಒಣಗುವುದಿಲ್ಲ, ಗಟ್ಟಿಯಾಗುವುದಿಲ್ಲ, ಅದೇ ಇದರ ಗುಣ. ಕಲ್ಲು ತಾಗಿ ಗೀರು ಬಿದ್ದರೆ ಅಕ್ಕಪಕ್ಕದ್ದು ನಿಧಾನಕ್ಕೆ ಹರಿದು ಬಂದು ಸೇರಿಕೊಳ್ಳುತ್ತದೆ. ವೈರ್ ಬ್ರಷ್‌ನಲ್ಲಿ ಸಡಿಲ ತುಕ್ಕು ಉದುರಿಸಿ, ತಳ ತೊಳೆದು, ಚೆನ್ನಾಗಿ ಒಣಗಿಸಿ ಹೊಡೆದರೆ ಉಳಿದ ತುಕ್ಕಿನೊಳಗೂ ಇಳಿಯುತ್ತದೆ. ತೆಳು ಪದರದ ಮೂಲಕ ತಗಡು ಕಾಣುತ್ತದೆ, ಹಾಗಾಗಿ ಮೋಸಕ್ಕೆ ಜಾಗವಿಲ್ಲ.

ತೊಂದರೆಯೂ ಇದೆ. ಚಕ್ರದ ಹಿಂದೆ ನೀರು ಬಡಿಯುವಲ್ಲಿ ಬೇಗ ತೊಳೆದು ಹೋಗುತ್ತದೆ, ವರ್ಷಕ್ಕೊಮ್ಮೆ ಮತ್ತೆ ಹೊಡೆಯಲೇಬೇಕು. ಧೂಳು ಹಿಡಿಯುತ್ತದೆ. ಸ್ಪ್ರೇ ಡಬ್ಬಿಯನ್ನು ಬೆಚ್ಚಗಿನ ನೀರಲ್ಲಿ ಇಡದಿದ್ದರೆ ಸರಿಯಾಗಿ ಚಿಮ್ಮುವುದಿಲ್ಲ. ಬ್ರೇಕ್ ಡಿಸ್ಕಿಗೆ ಒಂದು ಹನಿಯೂ ತಾಗಬಾರದು, ಆ ಭಾಗವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಟ್ಟುತ್ತೇನೆ. ಮೊದಲ ಸಲ ಸೈಲೆನ್ಸರಿಗೆ ಸ್ವಲ್ಪ ಸಿಡಿಸಿಬಿಟ್ಟೆ. ಮಾರನೇ ದಿನ ಸಿಗ್ನಲ್‌ನಲ್ಲಿ ನಿಂತಾಗ ಬಾನೆಟ್ ಪಕ್ಕದಿಂದ ಹೊಗೆ, ಜೊತೆಗೆ ಕುರಿ ಮಂದೆಯ ವಾಸನೆ. ಪಕ್ಕದ ಸ್ಕೂಟರಿನವರು ಮೂಗು ಮುಚ್ಚಿಕೊಂಡು ನನ್ನನ್ನೇ ನೋಡಿದರು. ವಾಸನೆ ಪೂರ್ತಿ ಹೋಗಲು 2 ವಾರ ಹಿಡಿಯಿತು.

ಆದರೂ ನನಗೆ ಇದೇ ಸರಿ. ಒಂದು ಸಲದ ರಬ್ಬರ್ ಕೋಟಿಂಗ್ ದುಡ್ಡಲ್ಲಿ ನನಗೆ 3 ವರ್ಷದ ಡಬ್ಬಿ ಬರುತ್ತದೆ, ಹೊಡೆಯುವ ಕೆಲಸ ನನ್ನದೇ. ರಜೆಯಲ್ಲಿ ಹಳೇ ಅಂಗಿ ತೊಟ್ಟು ಕಾರಿನ ಕೆಳಗೆ ಮಲಗುವುದು ನನಗೆ ಇಷ್ಟ. ಗಾಡಿಯನ್ನು ಇನ್ನೂ 10 ವರ್ಷ ಓಡಿಸುವ ಆಸೆಯೂ ಇದೆ. ನಾಲ್ಕೈದು ವರ್ಷಕ್ಕೆ ಗಾಡಿ ಬದಲಿಸುವವರು, ಕೈ ಕೊಳೆ ಮಾಡಿಕೊಳ್ಳದವರು ರಬ್ಬರನ್ನೇ ಹೊಡೆಸಿ, ತಪ್ಪಿಲ್ಲ. ಗಾಡಿ ವಾಪಸ್ ತೆಗೆದುಕೊಳ್ಳುವ ಮುಂಚೆ ಟಾರ್ಚ್ ಹಿಡಿದು ಆ ತೂತುಗಳನ್ನು ಎಣಿಸಿ. ನನ್ನ ಕಾರಿನಲ್ಲಿ ಒಂದೊಂದು ಬದಿಗೆ 3 ಇವೆ. ಈಗ ಕಣ್ಣು ಮುಚ್ಚಿಕೊಂಡೇ ಮುಟ್ಟಿ ತೋರಿಸುತ್ತೇನೆ.