ಓಡುವ ಕಾರಿನಲ್ಲಿ ಪಾಠ: ಪುಸ್ತಕವೋ, ಟ್ಯಾಬ್ಲೆಟ್ಟೋ, ಬರೀ ಕಿವಿಯೋ?

ತಿಂಗಳುಗಟ್ಟಲೆ ಕಾರಿನಲ್ಲಿ ದೇಶ ಸುತ್ತುತ್ತಲೇ ಮಕ್ಕಳಿಗೆ ಪಾಠ ಹೇಳಿಕೊಡಬೇಕೆಂದರೆ ಮೂರು ದಾರಿಗಳಿವೆ: ಅಭ್ಯಾಸ ಪುಸ್ತಕ, ಟ್ಯಾಬ್ಲೆಟ್, ಕೇಳಿಸಿಕೊಂಡು ಕಲಿಯುವುದು. ಮೂರನ್ನೂ ಬಳಸಿ ನೋಡಿದ್ದೇವೆ. ಯಾವುದು ಮೇಲು ಎಂಬುದು ಕಾರು ಓಡುತ್ತಿದೆಯೋ ನಿಂತಿದೆಯೋ ಎಂಬುದರ ಮೇಲೆ ಹೋಗುತ್ತದೆ.

ಓಡುವಾಗ ಮೊದಲು ಕೈಕೊಡುವುದು ಪುಸ್ತಕ. ಕಣ್ಣಿನ ಮುಂದೆ ಅಲುಗಾಡದ ಪುಟ, ಒಳಗಿವಿಗೆ ಮಾತ್ರ ಪ್ರತಿ ತಿರುವೂ ಪ್ರತಿ ಉಬ್ಬೂ ಗೊತ್ತಾಗುತ್ತಿರುತ್ತದೆ. ಎರಡೂ ತಾಳೆಯಾಗದೆ ತಲೆಸುತ್ತು, ವಾಂತಿ ಶುರುವಾಗುತ್ತದೆ. 2ರಿಂದ 12 ವರ್ಷದ ಮಕ್ಕಳಲ್ಲಿ ಈ ಕಾಟ ಹೆಚ್ಚು. ಮಗು ಪದೇ ಪದೇ ಆಕಳಿಸಿದರೆ, ಮುಖ ಬಿಳಿಚಿಕೊಂಡರೆ, ಮಾತು ನಿಲ್ಲಿಸಿದರೆ ಆ ಕ್ಷಣವೇ ಪುಸ್ತಕ ಮುಚ್ಚಿಸಿ, ಕಿಟಕಿ ಇಳಿಸಿ, ದೂರದ ದಿಗಂತ ನೋಡಲು ಹೇಳಿ. 'ಇದೊಂದು ಲೆಕ್ಕ ಮುಗಿಸಿಬಿಡು' ಎಂದರೆ ಮುಂದಿನ ಅರ್ಧ ದಿನ ಹಾಳು.

ಕಾರು ನಿಂತಿರುವಾಗ ಪುಸ್ತಕಕ್ಕೆ ಸಾಟಿಯಿಲ್ಲ. 816ನ್ನು 4ರಿಂದ ಭಾಗಿಸಿ ಮಗು 24 ಎಂದು ಬರೆದಿದೆ ಎನ್ನಿ. ಉತ್ತರ 204. ಸ್ಕ್ರೀನಿನಲ್ಲಿ ಬರೀ ಕೆಂಪು ಗುರುತು ಬರುತ್ತದೆ. ಕಾಗದದಲ್ಲಾದರೆ 1ನ್ನು ಇಳಿಸಿಕೊಂಡ ಮೇಲೆ ಭಾಗಲಬ್ಧದಲ್ಲಿ ಸೊನ್ನೆ ಹಾಕದೆ ನೇರ 6ನ್ನು ಇಳಿಸಿದ್ದು ಕಣ್ಣಿಗೆ ಬೀಳುತ್ತದೆ. ಯಾವ ಮೆಟ್ಟಿಲಲ್ಲಿ ತಪ್ಪಿತು ಎಂದು ತಿಳಿದರೆ ತಿದ್ದಲು ಐದು ನಿಮಿಷ ಸಾಕು. ಇಡೀ ಪುಸ್ತಕಗಳನ್ನು ಹೊರುವ ಬದಲು ನಾಲ್ಕು ವಾರಕ್ಕೆ 20 ಕಟ್ಟು ಮಾಡಿ, ಕಟ್ಟಿಗೆ ಎರಡು ಪುಟ ಲೆಕ್ಕ, ಒಂದು ಪುಟ ಭಾಷೆ ಇಟ್ಟುಕೊಳ್ಳಿ. ಮೇಣದ ಕ್ರೇಯಾನ್ ಬೇಡ, ಬಿಸಿಲಿಗೆ ನಿಂತ ಕಾರಿನಲ್ಲಿ ಕರಗಿ ಸೀಟಿಗೆ ಅಂಟುತ್ತದೆ. ಬಣ್ಣದ ಪೆನ್ಸಿಲ್ ಸಾಕು.

ಟ್ಯಾಬ್ಲೆಟ್‌ನ ನಿಜವಾದ ಉಪಯೋಗ ಇಬ್ಬರು ಮಕ್ಕಳಿದ್ದಾಗ. ಚಿಕ್ಕದಕ್ಕೆ ಓದಿಸುವಾಗ ದೊಡ್ಡದು ತನ್ನಷ್ಟಕ್ಕೆ ಕೂರುತ್ತದೆ. ನೆಟ್‌ವರ್ಕ್ ನಂಬಬೇಡಿ; ನೆಟ್ ಇಲ್ಲದೆಯೂ ನಡೆಯುವ ಆ್ಯಪ್‌ಗಳಾದ ಕೊಲಿಬ್ರಿಯಲ್ಲಿ ಪಾಠಗಳನ್ನು, ಕಿವಿಕ್ಸ್‌ನಲ್ಲಿ ವಿಕಿಪೀಡಿಯವನ್ನು ಮೊದಲೇ ಇಳಿಸಿಕೊಳ್ಳಬಹುದು. ದೊಡ್ಡ ಫೈಲ್ ಅರ್ಧಕ್ಕೇ ನಿಂತರೆ ಮೆಮೊರಿ ಕಾರ್ಡ್ ಎಫ್ಎಟಿ32 ಎಂಬ ಹಳೆಯ ಫಾರ್ಮ್ಯಾಟ್‌ನಲ್ಲಿದೆಯೇ ನೋಡಿ. ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ, ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಬೇಕು. ಹಿಂದಿನ ರಾತ್ರಿ ಏರೋಪ್ಲೇನ್ ಮೋಡ್ ಹಾಕಿ ಒಂದೊಂದು ಆ್ಯಪ್ ತೆರೆದು ನೋಡಿ. ವಿಡಿಯೊ ಇಳಿಸಿದ್ದರೂ ಲಾಗಿನ್ ಕೇಳಿ ಕೂರುವ ಆ್ಯಪ್‌ಗಳಿವೆ.

ಹಳೆಯ ಕಾರುಗಳ ಯುಎಸ್‌ಬಿ ಕಿಂಡಿ ಅರ್ಧ ಆಂಪಿಯರ್, ಅಂದರೆ 2.5 ವ್ಯಾಟ್ ಅಷ್ಟೇ ಕೊಡಬಹುದು. ಚಾರ್ಜಿಗಿಟ್ಟರೂ ಬ್ಯಾಟರಿ ಇಳಿಯುತ್ತಲೇ ಇದ್ದರೆ ಕಾರಣ ಇದೇ. 12 ವೋಲ್ಟ್ ಸಾಕೆಟ್‌ಗೆ 10 ವ್ಯಾಟ್ ಅಥವಾ ಹೆಚ್ಚಿನ ಚಾರ್ಜರ್ ಹಾಕಿ. ಓಡುವಾಗ ಸ್ಕ್ರೀನ್ ನೋಡಿದರೂ ತಲೆಸುತ್ತುತ್ತದೆ. ಮುಂದಿನ ಸೀಟಿನ ಹಿಂಬದಿಗೆ ಕಣ್ಣಿನ ಮಟ್ಟದಲ್ಲಿ ಬಿಗಿದರೆ ಕೊಂಚ ಕಡಿಮೆ. ಬಿಗಿಯದೆ ತೊಡೆಯ ಮೇಲಿಟ್ಟರೆ ಗಟ್ಟಿ ಬ್ರೇಕ್ ಹಾಕಿದಾಗ ಹಾರಿ ಬಂದು ಬಡಿಯುತ್ತದೆ. ಇಲ್ಲಿ ಸಡಿಲ ಬಿಡಲೇಬೇಡಿ.

ಚಕ್ರ ತಿರುಗುತ್ತಿರುವಷ್ಟು ಹೊತ್ತು ನಮ್ಮ ಓಟು ಕಿವಿಗೆ. 20 ನಿಮಿಷ ಆಡಿಯೊ ಕೇಳಿಸಿ, ನಿಲ್ಲಿಸಿ, ಕೇಳಿದ್ದನ್ನು ಮಗುವಿನಿಂದಲೇ ಹೇಳಿಸಿ. ಬಾಯಿಲೆಕ್ಕಕ್ಕೆ ರಸ್ತೆಯೇ ಸಾಕು: ವೇಗ ಒಂದೇ ಸಮನಿರುವಾಗ ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನದಕ್ಕೆ ಎಷ್ಟು ಸೆಕೆಂಡು ಎಂದು ಎಣಿಸಿ, 3600ನ್ನು ಅದರಿಂದ ಭಾಗಿಸಿದರೆ ಗಂಟೆಯ ವೇಗ. 60 ಸೆಕೆಂಡಿಗೆ 60, 48ಕ್ಕೆ 75, 40ಕ್ಕೆ 90. ಸ್ಪೀಡೋಮೀಟರ್ ಸಾಮಾನ್ಯವಾಗಿ ನಿಜಕ್ಕಿಂತ ತುಸು ಹೆಚ್ಚೇ ತೋರಿಸುತ್ತದೆ. ಆ ವ್ಯತ್ಯಾಸವನ್ನು ತಾನೇ ಹಿಡಿದ ಮಗು ಭಾಗಾಕಾರವನ್ನು ಮತ್ತೆ ಮತ್ತೆ ಕೇಳಿ ಮಾಡುತ್ತದೆ. ಪಾಠ ಪಕ್ಕದ ಸೀಟಿನವರ ಕೆಲಸ. ಗಾಡಿಯಲ್ಲಿ ದೊಡ್ಡವರು ಒಬ್ಬರೇ ಇದ್ದರೆ ರೆಕಾರ್ಡ್ ಮಾಡಿದ ಆಡಿಯೊ ಮಾತ್ರ.

ಕಿವಿಯಿಂದ ಕಾಗುಣಿತವೂ ಕೈಬರಹವೂ ಬರುವುದಿಲ್ಲ. ಅದಕ್ಕೇ ಬೆಳಿಗ್ಗೆ ಹೊರಡುವ ಮುಂಚಿನ 75 ನಿಮಿಷ ಬರವಣಿಗೆಗೆ ಮೀಸಲು: ಮೊದಲು ಲೆಕ್ಕ, ಆಮೇಲೆ ನಿನ್ನೆ ಕೇಳಿದ್ದರ ಮೇಲೆ ಐದು ಸಾಲು. ಸಂಜೆಗೆ ಮುಂದೂಡಿದರೆ ಆಗುವುದಿಲ್ಲ; ನಾಲ್ಕು ಗಂಟೆ ಕೂತು ಬಂದ ಮಗುವಿಗೆ ಬೇಕಿರುವುದು ಓಡಾಟ. ಬರೆದ ಪ್ರತಿ ಹಾಳೆಯ ಮೂಲೆಯಲ್ಲಿ ಅಂದಿನ ತಾರೀಖು ಹಾಕಿಸಿಡಿ. ಮನೆಪಾಠದ ನಿಯಮಗಳು ಊರಿಂದೂರಿಗೆ ಬೇರೆ, ದಾಖಲೆ ಕೇಳಿದಾಗ ತೋರಿಸಲು ಆ ಹಾಳೆಗಳೇ ಬೇಕಾಗುತ್ತವೆ.