ತಟ್ಟೆ ಇಡ್ಲಿ, ಕ್ಯಾರೆಟ್, ಮುದ್ದೆ, ಪಫ್ ಡಬ್ಬಿ: ಮಗಳ ಕೈಗೆ ಒಗ್ಗಿದ್ದು ಯಾವುದು?

ನನ್ನ ಹೆಂಡತಿ ಬೆಳಿಗ್ಗೆ ತುಮಕೂರಿನಿಂದ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾಳೆ. ಬಿ.ಎಚ್. ರಸ್ತೆಯ ನನ್ನ ಅಂಗಡಿ ಬಾಗಿಲು ತೆಗೆಯೋದು ಹನ್ನೊಂದಕ್ಕೆ. ಹಾಗಾಗಿ ಮಗಳ ಬೆಳಗಿನ ತಿಂಡಿ ನನ್ನ ಕೆಲಸ. ಉಸ್ತುವಾರಿ ನನ್ನ ಅಮ್ಮನದು. ಎಂಟನೇ ತಿಂಗಳವರೆಗೆ ಇದೇನು ಕಷ್ಟ ಅನ್ನಿಸಿರಲಿಲ್ಲ. ರಾಗಿ ಸರಿ ಕಾಯಿಸಿ, ಆರಿಸಿ, ಚಮಚದಲ್ಲಿ ಬಾಯಿಗಿಟ್ಟರೆ ಗುಳುಂ. ಒಂದು ದಿನ ಅವಳು ಬಾಯಿ ಬಿಗಿಯಾಗಿ ಮುಚ್ಚಿಕೊಂಡಳು. ಚಮಚ ಕಿತ್ತುಕೊಂಡು ಅದರ ಹಿಡಿಯನ್ನು ಕಚ್ಚುತ್ತಾ ಕೂತಳು. ಕಣ್ಣು ಮಾತ್ರ ನನ್ನ ತಟ್ಟೆಯ ಮೇಲೆ.

ಲಸಿಕೆಗೆ ಹೋದಾಗ ಮಕ್ಕಳ ಡಾಕ್ಟರ್ ಹತ್ತಿರ ಹೇಳಿದೆ. "ಮಿಕ್ಸಿ ಬಿಡಿ, ಕೈಗೆ ಕೊಡಿ" ಅಂದರು. ಆರು ತಿಂಗಳಿಗೆ ಮೇಲೂಟ ಶುರು ಮಾಡಿದ ಮೇಲೆ ನುಣ್ಣಗಿನದರಲ್ಲೇ ಬಹಳ ದಿನ ನಿಲ್ಲಬಾರದಂತೆ. ಬ್ರಿಟನ್ನಿನಲ್ಲಿ ಸಾವಿರಾರು ಮಕ್ಕಳನ್ನು ಗಮನಿಸಿದ ಒಂದು ಅಧ್ಯಯನ ಇದೆ. ಹತ್ತು ತಿಂಗಳಾದ ಮೇಲೆ ಗಂಟುಗಂಟಾದ ಊಟ ಶುರು ಮಾಡಿದ ಮಕ್ಕಳು ಮುಂದೆ ಊಟಕ್ಕೆ ಜಾಸ್ತಿ ರಗಳೆ ಮಾಡಿದ್ದರಂತೆ. ನಮಗೆ ಉಳಿದಿದ್ದು ಎರಡು ತಿಂಗಳು.

"ಹಲ್ಲು ಎರಡೇ ಇದೆ, ಅದೇನು ಅಗೀತಾಳೋ?" ಅಂದರು ಅಮ್ಮ. ಒಸಡೇ ಸಾಕು. ಅನುಮಾನ ಇದ್ದರೆ ಎಂಟು ತಿಂಗಳ ಮಗುವಿನ ಬಾಯಿಗೆ ನಿಮ್ಮ ಬೆರಳು ಕೊಟ್ಟು ನೋಡಿ.

ಕೈಗೆ ಕೊಡೋ ತಿಂಡಿ ಒಂದೊಂದನ್ನೂ ಸುಮಾರು ಒಂದು ವಾರ ಕೊಟ್ಟು ನೋಡೋಣ ಅಂದುಕೊಂಡೆ. ಹೊತ್ತು ಒಂದೇ, ಜಾಗವೂ ಒಂದೇ. ಹೈಚೇರ್ ತಗೊಳ್ಳಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ನೇರವಾಗಿ ಕೂರಿಸಿ, ಮುಂದೆ ಒಂದು ಮಣೆ, ಕೆಳಗೆ ಹಳೇ ಪೇಪರ್. ಮಲಗಿಸಿಕೊಂಡು ತಿನ್ನಿಸೋದು ಅವತ್ತಿಗೇ ಬಂದ್.

ಮೊದಲು ಕೊಟ್ಟಿದ್ದು ಕ್ಯಾರೆಟ್. ಮೊಬೈಲಿನಲ್ಲಿ ನೋಡಿದ ಎಲ್ಲ ವಿಡಿಯೋದಲ್ಲೂ ಅದೇ ಇತ್ತು. ಮೊದಲ ದಿನ ಕುಕ್ಕರಿನಲ್ಲಿ ಎರಡು ಕೂಗು ಕೂಗಿಸಿದೆ, ಹಿಡಿಯೋಕೆ ಹೋದರೆ ಪೇಸ್ಟ್. ಮಾರನೇ ದಿನ ಬೆರಳುದ್ದ ಕತ್ತರಿಸಿ ಇಡ್ಲಿ ಪಾತ್ರೆಯ ಹಬೆಯಲ್ಲಿ ಹದಿನೈದು ನಿಮಿಷ ಇಟ್ಟೆ, ಸರಿಹೋಯಿತು. ಹೆಬ್ಬೆರಳು, ತೋರುಬೆರಳಿನ ನಡುವೆ ಒತ್ತಿದರೆ ಹಿಸುಕಿಹೋಗಬೇಕು, ಅದೇ ಲೆಕ್ಕ. ಉದ್ದ ಯಾಕೆ ಅಂದರೆ, ಈ ವಯಸ್ಸಿನ ಮಗು ಚಿಟಿಕೆಯಲ್ಲಿ ಹಿಡಿಯೋದಿಲ್ಲ, ಇಡೀ ಮುಷ್ಟಿಯಲ್ಲಿ ಹಿಡಿಯುತ್ತದೆ. ಮುಷ್ಟಿಯಿಂದ ಹೊರಗೆ ಚಾಚಿಕೊಂಡಿರುವ ಭಾಗವನ್ನಷ್ಟೇ ತಿನ್ನೋಕಾಗೋದು. ಪುಟ್ಟ ತುಂಡೇ ಸೇಫ್ ಅಂತ ನಾನು ಅಂದುಕೊಂಡಿದ್ದೆ. ಅದು ಮುಷ್ಟಿಯೊಳಗೆ ಮಾಯವಾಗಿ, ಮಗು ಕೈ ನೋಡಿಕೊಂಡು ಅಳುತ್ತದೆ.

ಮೂರನೇ ದಿನ ಎಡವಟ್ಟಾಯಿತು. ಒಂದು ತುಂಡು ಸರಿಯಾಗಿ ಬೆಂದಿರಲಿಲ್ಲ. ಅವಳು ಒಸಡಿನಲ್ಲಿ ಮುರಿದು ಹಿಂದಕ್ಕೆ ತಳ್ಳಿದಳು. ಮುಖ ಕೆಂಪಗಾಯಿತು, ವ್ಯಾಕ್ ವ್ಯಾಕ್ ಅಂದಳು, ಕಣ್ಣಲ್ಲಿ ನೀರು. ಅಮ್ಮ ಓಡಿ ಬಂದು ಬಾಯಿಗೆ ಬೆರಳು ಹಾಕೋಕೆ ಹೋದರು. ಅಷ್ಟರಲ್ಲಿ ತುಂಡು ತಾನಾಗಿಯೇ ಹೊರಗೆ ಬಿತ್ತು. ಅವಳು ಅದನ್ನೇ ಎತ್ತಿ ಮತ್ತೆ ಬಾಯಿಗಿಟ್ಟಳು. ನನ್ನ ಕೈ ಮಾತ್ರ ಅರ್ಧ ಗಂಟೆ ನಡುಗುತ್ತಿತ್ತು.

ಡಾಕ್ಟರಿಗೆ ಫೋನ್ ಮಾಡಿದೆ. ಸದ್ದು ಮಾಡುತ್ತಿದ್ದರೆ, ಕೆಮ್ಮುತ್ತಿದ್ದರೆ ಹೆದರಬೇಡಿ ಅಂದರು. ಸಣ್ಣ ಮಕ್ಕಳಿಗೆ ಓಕರಿಕೆ ಬರುವ ಜಾಗ ನಾಲಿಗೆಯಲ್ಲಿ ನಮಗಿಂತ ಮುಂದೆ ಇರುತ್ತದೆ. ತುಂಡು ಗಂಟಲಿಗೆ ಹೋಗುವ ಮೊದಲೇ ಅದು ಹೊರಗೆ ತಳ್ಳುತ್ತದೆ. ಹೆದರಬೇಕಾದದ್ದು ಸದ್ದೇ ಇಲ್ಲದಾಗ: ಅಳು ಬರೋದಿಲ್ಲ, ಕೆಮ್ಮು ಬರೋದಿಲ್ಲ, ತುಟಿ ನೀಲಿಯಾಗುತ್ತದೆ. ಆಗ ಒಂದು ವರ್ಷದೊಳಗಿನ ಮಗುವನ್ನು ಮುಂಗೈ ಮೇಲೆ ಬೋರಲು ಹಾಕಿಕೊಂಡು, ತಲೆ ತಗ್ಗಿಸಿ ಹಿಡಿದು, ಬೆನ್ನಿನ ಮೇಲೆ ಎರಡೂ ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ 5 ಏಟು. ತುಂಡು ಹೊರಗೆ ಬರದಿದ್ದರೆ ಅಂಗಾತ ತಿರುಗಿಸಿ ಎದೆ ನಡುವೆ ಎರಡು ಬೆರಳಿನಿಂದ 5 ಸಲ ಒತ್ತು. ಹೊರಗೆ ಬರುವವರೆಗೆ ಇದನ್ನೇ ಮತ್ತೆ ಮತ್ತೆ ಮಾಡಬೇಕು. ಇನ್ನೊಬ್ಬರು ಅಷ್ಟರಲ್ಲಿ 108ಕ್ಕೆ ಫೋನ್ ಮಾಡಬೇಕು. ಕಾಣದ ತುಂಡಿಗಾಗಿ ಬಾಯಿಯೊಳಗೆ ಬೆರಳು ಹಾಕಿ ತಡಕಲೇಬಾರದು, ಅದು ಇನ್ನೂ ಒಳಗೆ ಹೋಗುತ್ತದೆ. ಇದನ್ನು ನಾನೂ ಅಮ್ಮನೂ ತಲೆದಿಂಬಿನ ಮೇಲೆ ಮಾಡಿ ಕಲಿತೆವು. ಯಾವ ತಿಂಡಿ ಅಂತ ಆರಿಸುವ ಮೊದಲು ಇದನ್ನೇ ಕಲಿಯಬೇಕಿತ್ತು. ನಾನು ಉಲ್ಟಾ ಮಾಡಿದೆ.

ಕ್ಯಾರೆಟ್ಟಿಗಿಂತ ಗೆಣಸು, ಸಿಹಿಗುಂಬಳ ಎಷ್ಟೋ ವಾಸಿ. ಗೆಣಸು ಒಳಗೂ ಹೊರಗೂ ಒಂದೇ ಥರ ಬೇಯುತ್ತದೆ. ಬಾಳೆಹಣ್ಣಿನಲ್ಲಿ ಏಲಕ್ಕಿ ಬಾಳೆಯ ಅಳತೆ ಮಗುವಿನ ಮುಷ್ಟಿಗೆ ಹೇಳಿ ಮಾಡಿಸಿದ ಹಾಗಿದೆ, ಜಾರೋದೊಂದೇ ಕಷ್ಟ. ತೊಳೆದು, ಕೆಳಗೆ ಅರ್ಧ ಸಿಪ್ಪೆ ಬಿಟ್ಟು ಕೊಡಿ, ಅದೇ ಹಿಡಿಯಾಗುತ್ತದೆ.

ಇನ್ನು ತಟ್ಟೆ ಇಡ್ಲಿ. ಕ್ಯಾತಸಂದ್ರದ ಪಕ್ಕದಲ್ಲೇ ಇದ್ದುಕೊಂಡು ಇದನ್ನು ಬಿಟ್ಟರೆ ಹೇಗೆ? ಮೊದಲ ದಿನ ಹೋಟೆಲಿನಿಂದ ಪಾರ್ಸೆಲ್ ತಂದೆ, ತಪ್ಪು ಮಾಡಿದೆ. ಉಪ್ಪು ನಮಗೆ ಹಿತ, ಅವಳಿಗೆ ಬೇಡ. ಒಂದು ವರ್ಷದವರೆಗೆ ಉಪ್ಪು, ಎರಡು ವರ್ಷದವರೆಗೆ ಸಕ್ಕರೆ ಹಾಕಬೇಡಿ ಅಂದಿದ್ದರು ಡಾಕ್ಟರ್. ಆಮೇಲೆ ಮನೆಯಲ್ಲೇ, ಉಬ್ಬಿದ ಹಿಟ್ಟಿಗೆ ಉಪ್ಪು ಹಾಕುವ ಮುಂಚೆ ಎರಡು ಸೌಟು ಅವಳ ಪಾಲಿಗೆ ತೆಗೆದಿಟ್ಟೆವು. ಉಪ್ಪಿಲ್ಲದ ಇಡ್ಲಿ ತಿಂದು ನೋಡಿ ಅಮ್ಮ "ಪಾಪ ಮಗು" ಅಂದರು. ಮಗುವಿಗೆ ಏನೂ ಅನ್ನಿಸಲಿಲ್ಲ.

ಮಾಮೂಲಿ ಇಡ್ಲಿಯನ್ನು ಹೇಗೆ ಕತ್ತರಿಸಿದರೂ ಗಿಡ್ಡ ತುಂಡು. ತಟ್ಟೆ ಇಡ್ಲಿ ಅಗಲ, ಚಪ್ಪಟೆ. ಉದ್ದುದ್ದ ಸೀಳಿದರೆ ಮುಷ್ಟಿಯಿಂದ ಎರಡು ಕಡೆಯೂ ಚಾಚುವ ಪಟ್ಟಿ. ಮೊದಲ ದಿನವೇ ಅರ್ಧ ಪಟ್ಟಿ ಹೊಟ್ಟೆಗೆ ಹೋಯಿತು. ಒಣಗಿದ್ದರೆ ಮಾತ್ರ ಅಂಗುಳಿಗೆ ಮೆತ್ತಿಕೊಳ್ಳುತ್ತದೆ. ಹಾಗಾಗಿ ಬೇಳೆಕಟ್ಟಿನಲ್ಲಿ ಅದ್ದಿ, ಇಲ್ಲವೇ ತುಪ್ಪ ಸವರಿ ಕೊಟ್ಟೆ. ಕೂದಲಲ್ಲಿ ಸಿಕ್ಕಿಕೊಂಡ ಇಡ್ಲಿ ಪುಡಿ ಬಿಡಿಸೋಕೆ ಅವಳು ತಿಂದಷ್ಟೇ ಹೊತ್ತು ಹಿಡಿಯಿತು, ಅದು ಬೇರೆ ವಿಷಯ.

ಮುದ್ದೆಯ ಸರದಿ ಅಮ್ಮನ ಒತ್ತಾಯಕ್ಕೆ ಬಂತು. "ನೀನೇನು ಕ್ಯಾರೆಟ್ ತಿಂದು ಬೆಳೆದ್ಯೇನೋ? ಮುದ್ದೆ ಸಾರಲ್ಲೇ ತಾನೇ ಇಷ್ಟುದ್ದ ಆಗಿರೋದು" ಅಂದರು. ಮಾತು ನಿಜ. ರಾಗಿಯಲ್ಲಿ ಸುಣ್ಣದಂಶವೂ ಕಮ್ಮಿಯೇನಿಲ್ಲ, 100 ಗ್ರಾಂನಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ. ಅಮ್ಮ ಗೋಲಿ ಗಾತ್ರದ ಉಂಡೆ ಮಾಡಿ ಮಣೆ ಮೇಲಿಟ್ಟರು. ಅವಳು ಅಮುಕಿದಳು, ಅಂಗೈಗೆ ಮೆತ್ತಿತು. ಕೈ ಬಿಚ್ಚಿ, ಕೈಗೇನೋ ರೋಗ ಬಂದಿದೆ ಅನ್ನುವ ಹಾಗೆ ನನಗೆ ತೋರಿಸಿದಳು. ಬಾಯಿಗೆ ಹೋದ ಒಂದಿಷ್ಟು ಅಂಗುಳಿಗೆ ಅಂಟಿತು.

ಆಗ ಹೊಳೆಯಿತು. ಮುದ್ದೆಯನ್ನು ನಾವು ಅಗಿಯೋದೇ ಇಲ್ಲ, ನುಂಗುತ್ತೇವೆ. ಊರಿಗೆ ಬಂದ ನೆಂಟರು ಅಗಿದರೆ ನಗುತ್ತೇವೆ. ಅಗಿಯೋದನ್ನು ಕಲಿಯಬೇಕಾದ ಮಗುವಿಗೆ ಅಗಿಯಬಾರದ ಊಟ ಕೊಟ್ಟು ಏನು ಮಾಡೋದು? ಅದೂ ಅಂಟು, ಅದೂ ಗುಂಡಗೆ, ಗಂಟಲಿಗೆ ಬಿರಡೆ ಹಾಕೋಕೆ ಅಳತೆ ತಗೊಂಡ ಹಾಗೆ. ನಾನು ಅವತ್ತೇ ನಿಲ್ಲಿಸಿದೆ. ಅಮ್ಮ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ತೆಳ್ಳನೆ ಬೇಳೆಸಾರಿನಲ್ಲಿ ಮುದ್ದೆ ಕಿವುಚಿ ತಮ್ಮ ಕೈಯಲ್ಲೇ ತಿನ್ನಿಸಿದರು, ಸಲೀಸಾಗಿ ಹೋಯಿತು. ಆದರೆ ಅದು ಮತ್ತೆ ರಾಗಿ ಸರಿಯೇ ಆಯಿತಲ್ವಾ? ಚಮಚದ ಬದಲು ಅಜ್ಜಿ ಕೈ.

ಪಫ್ ಅಂದರೆ ಬೇಕರಿಯದಲ್ಲ, ಮಕ್ಕಳಿಗೆ ಅಂತ ಡಬ್ಬಿಯಲ್ಲಿ ಮಾರುವ ಹಗುರವಾದ ಉಬ್ಬಿದ ತಿಂಡಿ. ಡಬ್ಬಿ ತಂದಿದ್ದು ಹೆಂಡತಿ, ಸುಮಾರು 200 ರೂಪಾಯಿ. ಬಾಯಲ್ಲಿಟ್ಟರೆ ಕರಗುತ್ತದೆ, ಕೈ ಅಂಟಾಗೋದಿಲ್ಲ, ಗುಡಿಸುವ ಕೆಲಸ ಇಲ್ಲ. ಅದೇ ಅದರ ದೋಷ ಕೂಡ. ಕರಗೋದನ್ನು ಅಗಿಯೋದು ಯಾಕೆ? ಇಪ್ಪತ್ತು ತಿಂದರೂ ಹೊಟ್ಟೆ ಖಾಲಿ, ಊಟ ಮಾತ್ರ ಕೆಟ್ಟಿತು. ಡಬ್ಬಿ ಹಿಂದಿನ ಪಟ್ಟಿ ಓದಿದರೆ ಸಕ್ಕರೆ ಇತ್ತು. ಈಗ ಬಸ್ಸಿನಲ್ಲಿ ಹೋಗುವಾಗ ಮಾತ್ರ ಬ್ಯಾಗಿನಲ್ಲಿರುತ್ತದೆ.

ಎಲ್ಲದಕ್ಕಿಂತ ಗೆದ್ದಿದ್ದು ಯಾವ ವಿಡಿಯೋದಲ್ಲೂ ನನಗೆ ಸಿಗದ ರಾಗಿ ದೋಸೆ. ಸ್ವಲ್ಪ ದಪ್ಪಗೆ ಹುಯ್ದು, ಮುಚ್ಚಳ ಮುಚ್ಚಿ, ಎರಡೂ ಕಡೆ ಮೆತ್ತಗೆ ಬೇಯಿಸಿ, ಗರಿಯಾದ ಅಂಚು ಕತ್ತರಿಸಿ (ಅದು ನನಗೆ) ಎರಡು ಬೆರಳಗಲದ ಪಟ್ಟಿ ಮಾಡಿದೆ. ಬಾಗುತ್ತದೆ, ಮುರಿಯೋದಿಲ್ಲ. ಇಡ್ಲಿ ಹಾಗೆ ಉದುರೋದಿಲ್ಲ, ಮುದ್ದೆ ಹಾಗೆ ಅಂಟೋದಿಲ್ಲ. ಎಂಜಲಿಗೆ ನೆನೆದು ಮೆತ್ತಗಾಗುತ್ತದೆ, ಆದರೂ ಒಸಡಿಗೆ ಕೆಲಸ ಇರುತ್ತದೆ. ಸೋತ ಕ್ಯಾರೆಟ್ಟನ್ನು ತುರಿದು, ಬೇಯಿಸಿ ಇದರೊಳಗೇ ಹಾಕಿದೆ, ಸೊಪ್ಪನ್ನೂ ಹಾಕಿದೆ. ಪಾವಗಡದ ನೆಂಟರು ಕೊಟ್ಟ ಕಡಲೆಕಾಯಿ ಬೀಜವನ್ನು ಹುರಿದು ನುಣ್ಣಗೆ ಪುಡಿ ಮಾಡಿ ಬೆರೆಸಿದ್ದೂ ಆಯಿತು. ಮೊದಲ ಸಲ ಚಿಟಿಕೆಯಷ್ಟು, ಬೆಳಿಗ್ಗೆ ಹೊತ್ತು, ಅವತ್ತು ಬೇರೆ ಹೊಸದೇನೂ ಇಲ್ಲ. ಮೈ ಮೇಲೆ ದದ್ದು ಏಳುತ್ತಾ ಅಂತ ನೋಡಬೇಕಲ್ಲ. ಇಡೀ ಬೀಜ, ಹಸಿ ಕೊಬ್ಬರಿ ಚೂರು, ಇಡೀ ದ್ರಾಕ್ಷಿ ಹತ್ತಿರವೂ ಬಿಡೋದಿಲ್ಲ. ದ್ರಾಕ್ಷಿ ಆದರೆ ಉದ್ದಕ್ಕೆ ನಾಲ್ಕು ಸೀಳು. ದೋಸೆಗೆ ಜೇನುತುಪ್ಪ ಸವರೋಕೆ ಅಮ್ಮ ಹೊರಟಿದ್ದರು. ಒಂದು ವರ್ಷದೊಳಗೆ ಜೇನು ಬೇಡವೇ ಬೇಡ, ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾ ಎಳೆ ಮಕ್ಕಳ ಕರುಳಿನಲ್ಲಿ ವಿಷ ಮಾಡುತ್ತದೆ.

ಮೊಟ್ಟೆ ಆಮ್ಲೆಟ್ ಪಟ್ಟಿ ಚೆನ್ನಾಗಿರುತ್ತೆ ಅಂತ ಗೆಳೆಯರು ಹೇಳಿದರು. ನಮ್ಮ ಅಡುಗೆಮನೆಗೆ ಮೊಟ್ಟೆ ಬರೋದಿಲ್ಲ, ಹಾಗಾಗಿ ನಾನು ಅದಕ್ಕೆ ಅಂಕ ಕೊಡೋ ಹಾಗಿಲ್ಲ.

ಹತ್ತನೇ ತಿಂಗಳಿಗೆ ಆಟವೇ ಬದಲಾಯಿತು. ನೆಲದ ಮೇಲಿನ ಕೂದಲೆಳೆಯನ್ನೂ ಹೆಬ್ಬೆರಳು ತೋರುಬೆರಳಲ್ಲಿ ಹೆಕ್ಕುತ್ತಿದ್ದಳು. ಉದ್ದ ಪಟ್ಟಿ ಕೊಟ್ಟರೆ ಬೇಜಾರು, ಎಸೆಯುತ್ತಿದ್ದಳು. ಅದೇ ಹೊತ್ತಿಗೆ ಮಾರ್ಕೆಟ್ಟಿಗೆ ಸೊಗಡಿನ ಅವರೆ ಬಂತು. ರಾತ್ರಿ ನೆನೆಸಿ ಹಿತಕಿದ ಬೇಳೆ, ಮೆತ್ತಗೆ ಬೇಯಿಸಿ, ಒಂದೊಂದನ್ನೂ ಬೆರಳಲ್ಲಿ ಒತ್ತಿ ಚಪ್ಪಟೆ ಮಾಡಿ ಮಣೆ ಮೇಲೆ ಹರಡಿದರೆ ಇಪ್ಪತ್ತು ನಿಮಿಷ ಮನೆ ನಿಶ್ಶಬ್ದ. ಒಂದೊಂದೇ ಹೆಕ್ಕಿ, ತಿರುಗಿಸಿ ನೋಡಿ, ಬಾಯಿಗೆ. ಈ ಸಲ ಅಮ್ಮನೇ ಪಕ್ಕದಲ್ಲಿ ಕೂತು ಒತ್ತಿ ಒತ್ತಿ ಕೊಡುತ್ತಿದ್ದರು.

ರಾಗಿ ಸರಿ ಹಿಟ್ಟಿನ ಡಬ್ಬಿ ಅಟ್ಟಕ್ಕೆ ಹೋಗಿಲ್ಲ. ರಾತ್ರಿ ಅವಳಿಗೆ ನಿದ್ದೆ ಎಳೆಯುತ್ತಿರುತ್ತದೆ, ಆಗ ಚಮಚವೇ ಗತಿ. ಹೆಂಡತಿ ರೈಲಿಳಿದು ಮನೆಗೆ ಬರೋ ಹೊತ್ತದು. ಆ ಬಟ್ಟಲನ್ನು ಅವಳು ಯಾರಿಗೂ ಬಿಟ್ಟುಕೊಡೋದಿಲ್ಲ.