ಅಡಿಕೆ ಮಂಡಿಯ ಲೆಕ್ಕಕ್ಕೆ ಲಿಬ್ರೆ ಆಫೀಸ್ ಕ್ಯಾಲ್ಕ್

ಮಂಗಳೂರಿನ ಬಂದರಿನ ಅಡಿಕೆ ಮಂಡಿಗಳಲ್ಲಿ ದಿನದ ಲೆಕ್ಕ ಬರೆಯುವವರಿಗೆ ಸ್ಪ್ರೆಡ್‌ಶೀಟ್ ಹೊಸದೇನಲ್ಲ. ಆದರೆ ವರ್ಷಾವರ್ಷ ಚಂದಾ ಕಟ್ಟದೆ, ಇಂಟರ್‌ನೆಟ್ ಕೈಕೊಟ್ಟ ದಿನವೂ ನಡೆಯುವ ತಂತ್ರಾಂಶ ಬೇಕೆಂದರೆ ಮೊದಲು ನೆನಪಿಗೆ ಬರುವುದು ಲಿಬ್ರೆ ಆಫೀಸಿನ ಕ್ಯಾಲ್ಕ್. 2010ರಲ್ಲಿ ಓಪನ್ ಆಫೀಸಿನಿಂದ ಕವಲೊಡೆದ ಈ ಉಚಿತ ತಂತ್ರಾಂಶದ ಚಾರ್ಟು, ಮ್ಯಾಕ್ರೋಗಳ ಗೊಡವೆಗೆ ಹೋಗದೆ, ಸೆಲ್ಲುಗಳಿಗೆ ಅಂಕಿ ತುಂಬಿ ಫಾರ್ಮುಲಾ ಬರೆಯುವ ಕೆಲಸಕ್ಕೆ ಅದು ಎಷ್ಟು ಒದಗುತ್ತದೆ ಎಂಬುದನ್ನಷ್ಟೇ ಇಲ್ಲಿ ನೋಡಿದ್ದೇನೆ.

ಹಾಕಿದ ಕೂಡಲೇ ಟೂಲ್ಸ್ ಮೆನುವಿನ ಆಪ್ಷನ್ಸ್‌ಗೆ ಹೋಗಿ ಲೊಕೇಲನ್ನು, ಎಂದರೆ ದಿನಾಂಕ, ಅಂಕಿಗಳನ್ನು ಯಾವ ದೇಶದ ಕ್ರಮದಲ್ಲಿ ಓದಬೇಕೆಂಬ ಆಯ್ಕೆಯನ್ನು, ಕನ್ನಡ (ಭಾರತ) ಅಥವಾ ಇಂಗ್ಲಿಷ್ (ಭಾರತ) ಎಂದು ಬದಲಿಸಿಕೊಳ್ಳಬೇಕು. ಅಮೆರಿಕದ ಕ್ರಮ ಉಳಿದುಬಿಟ್ಟರೆ ಏಪ್ರಿಲ್ ಐದೆಂದು ನಾವು ಬರೆದ 5/4/2024 ಮೇ ನಾಲ್ಕಾಗುತ್ತದೆ. 25/4/2024 ಎಂದರೆ ಇಪ್ಪತ್ತೈದನೆಯ ತಿಂಗಳೇ ಇಲ್ಲವಾದ್ದರಿಂದ ಅದು ಬರಿಯ ಪಠ್ಯವಾಗಿ ಸೆಲ್ಲಿನ ಎಡಕ್ಕೆ ಅಂಟಿಕೊಳ್ಳುತ್ತದೆ. ತಿಂಗಳ ಮೊದಲ ಹನ್ನೆರಡು ದಿನಗಳ ತಪ್ಪು ಕಣ್ಣಿಗೇ ಬೀಳದಿರುವುದು ಇದರಲ್ಲಿ ದೊಡ್ಡ ಅಪಾಯ.

ಸೆಲ್ಲಿನಲ್ಲಿ ಕಾಣುವುದು ಒಂದು, ಒಳಗಿರುವುದು ಇನ್ನೊಂದು ಎಂಬ ಈ ತೊಡಕು ಎಲ್ಲ ಸ್ಪ್ರೆಡ್‌ಶೀಟುಗಳಲ್ಲೂ ಇದೆ. ಕ್ಯಾಲ್ಕ್ ನನಗೆ ಹಿಡಿಸಿರುವುದು ಅದನ್ನು ಬಯಲಿಗೆ ತರುವ ಒಂದು ಸಣ್ಣ ಸೌಲಭ್ಯಕ್ಕಾಗಿ. ಕಂಟ್ರೋಲ್ ಹಿಡಿದು ಎಫ್8 ಒತ್ತಿದರೆ ಪಠ್ಯ ಕಪ್ಪಾಗಿ, ಅಂಕಿ ನೀಲಿಯಾಗಿ, ಫಾರ್ಮುಲಾ ಹಸಿರಾಗಿ ತೋರುತ್ತದೆ. ಒಟ್ಟು ತೂಕದಿಂದ ಗೋಣಿಯ ತೂಕ ಕಳೆದು, ಉಳಿದುದನ್ನು ದರದಿಂದ ಗುಣಿಸುವ ಫಾರ್ಮುಲಾವನ್ನು ಮೊತ್ತದ ಕಾಲಮ್ಮಿನಲ್ಲಿ ಮೇಲಿನಿಂದ ಕೆಳಗೆ ಎಳೆದಿದ್ದೀರಿ ಎಂದುಕೊಳ್ಳಿ. ಯಾರೋ ಅವಸರದಲ್ಲಿ ನಡುವಿನ ಒಂದು ಸೆಲ್ಲಿಗೆ ನೇರವಾಗಿ ಮೊತ್ತವನ್ನೇ ಟೈಪು ಮಾಡಿದ್ದರೆ, ಹಸಿರು ಸಾಲಿನ ನಡುವೆ ಆ ಒಂದು ಸೆಲ್ ನೀಲಿಯಾಗಿ ಎದ್ದು ಕಾಣುತ್ತದೆ. ಕಪ್ಪು ಅಂಕಿ ಕಂಡರೆ ಇನ್ನೂ ಎಚ್ಚರ ಬೇಕು: ಪಠ್ಯವಾಗಿ ಕುಳಿತ 120ನ್ನು ಕೂಡಿಸುವ ಚಿಹ್ನೆ ಹಾಕಿ ಬರೆದ ಫಾರ್ಮುಲಾ ಅಂಕಿಯೆಂದೇ ಎಣಿಸುತ್ತದೆ, ಆದರೆ ಇಡೀ ಕಾಲಮ್ಮನ್ನು ಕೂಡಿಸುವ ಸಮ್ ಫಂಕ್ಷನ್ ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಬ್ಯಾಂಕ್ ಖಾತೆಯ ಸಂಖ್ಯೆಗೆ ಮಾತ್ರ ಕಪ್ಪೇ ಸರಿ; ಹದಿನೈದು ಅಂಕಿಗಳಾಚೆಗೆ ನಿಖರತೆ ಉಳಿಯದ ಕಾರಣ, ಅಂಥ ಸೆಲ್ಲುಗಳನ್ನು ಮೊದಲೇ ಪಠ್ಯವೆಂದು ಗುರುತಿಸಿಟ್ಟು ಆಮೇಲೆ ಬರೆಯಬೇಕು.

ದರದ ವಿಷಯದಲ್ಲಿ ಬಹುತೇಕ ಪಾಠಗಳು ಹೇಳಿಕೊಡುವ ಕ್ರಮ ಮಂಡಿಗೆ ಹೊಂದುವುದಿಲ್ಲ. ದರವನ್ನು ಒಂದೇ ಸೆಲ್ಲಿನಲ್ಲಿಟ್ಟು, ಎಫ್4 ಒತ್ತಿ ಡಾಲರ್ ಚಿಹ್ನೆಯಿಂದ ಕಟ್ಟಿಹಾಕಿ, ಎಲ್ಲ ಸಾಲುಗಳೂ ಅದನ್ನೇ ನೋಡುವಂತೆ ಮಾಡಿ ಎನ್ನುತ್ತಾರೆ. ಬಿಸಿಲಿಗೆ ಒಣಗಿಸಿ ಸುಲಿದ ಚಾಲಿ ಅಡಿಕೆಯ ದರ ಇಂದು ಏರಿತೆಂದು ಆ ಸೆಲ್ಲನ್ನು ತಿದ್ದಿದರೆ ಕಳೆದ ವಾರದ ಬಿಲ್ಲುಗಳ ಮೊತ್ತವೂ ಏರಿಬಿಡುತ್ತದೆ! ಆದ್ದರಿಂದ ಅಂದಂದಿನ ದರವನ್ನು ಪ್ರತಿ ಸಾಲಿನಲ್ಲೂ ಅಂಕಿಯಾಗಿಯೇ ಬರೆಯಬೇಕು. ಡಾಲರ್ ಚಿಹ್ನೆಯನ್ನು ವರ್ಷವಿಡೀ ಬದಲಾಗದ ಲೆಕ್ಕಗಳಿಗೆ ಮೀಸಲಿಟ್ಟರೆ ಸಾಕು.

ಹೆಸರುಗಳನ್ನು ತುಂಬುವಾಗ ಮೊದಲಕ್ಷರ ಬಿದ್ದೊಡನೆ ಹಿಂದಿನ ನಮೂದನ್ನು ತಾನೇ ಮುಂದಿಡುವ ಗುಣ ಕೈಗೆ ಹಗುರವೆನಿಸಿದರೂ, ನಾನು ಅದಕ್ಕಿಂತ ಡೇಟಾ ಮೆನುವಿನ ವ್ಯಾಲಿಡಿಟಿಯನ್ನೇ ಮೆಚ್ಚುತ್ತೇನೆ. ಚಾಲಿ, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂಬ ಅಡಿಕೆ ಬಗೆಗಳ ಪಟ್ಟಿ ಕೊಟ್ಟರೆ ಅದರಾಚೆಯ ಕಾಗುಣಿತವನ್ನು ಸೆಲ್ ಒಪ್ಪುವುದಿಲ್ಲ. ಇಲ್ಲವಾದರೆ ಒಂದು ಕಡೆ ಪಟೋರ, ಇನ್ನೊಂದು ಕಡೆ ಪಠೋರ ಎಂದಾಗಿ, ಬಗೆವಾರು ಮೊತ್ತ ಎರಡಾಗಿ ಒಡೆಯುತ್ತದೆ. ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಬರೆದ ಪಟ್ಟಿಗಳಿದ್ದರೆ ಅವನ್ನು ಯೂನಿಕೋಡಿಗೆ ತಿರುಗಿಸಿಕೊಂಡೇ ತರಬೇಕು, ಹಾಗೆಯೇ ತಂದರೆ ಹುಡುಕಾಟಕ್ಕೂ ವರ್ಗೀಕರಣಕ್ಕೂ ಸಿಗುವುದಿಲ್ಲ.

ಎಕ್ಸೆಲ್‌ನಲ್ಲಿ ಕೈ ಪಳಗಿದವರಿಗೆ ಕೀಲಿಗಳು ಕಿರಿಕಿರಿ ಮಾಡುತ್ತವೆ. ಅಲ್ಲಿ ಆಲ್ಟ್ ಮತ್ತು ಎಂಟರ್ ಒತ್ತಿದರೆ ಸೆಲ್ಲಿನೊಳಗೇ ಹೊಸ ಸಾಲು, ಕಂಟ್ರೋಲ್ ಮತ್ತು ಎಂಟರ್ ಒತ್ತಿದರೆ ಆಯ್ದ ಸೆಲ್ಲುಗಳಿಗೆಲ್ಲ ಒಂದೇ ನಮೂದು. ಇಲ್ಲಿ ಅದು ತಿರುವುಮುರುವು. ಬ್ಯಾಕ್‌ಸ್ಪೇಸ್ ಒತ್ತಿದರೆ ಏನೇನು ಅಳಿಸಬೇಕೆಂದು ಕೇಳುವ ಕಿಟಕಿ ತೆರೆದುಕೊಳ್ಳುತ್ತದೆ, ಡಿಲೀಟ್ ಒತ್ತಿದರೆ ಕೇಳದೆ ಅಳಿಸುತ್ತದೆ. ತಪ್ಪು ಬಂದಾಗ ಕಾಣಿಸುವ 508, 522ರಂಥ ಸಂಖ್ಯೆಗಳೂ ಹೊಸಬರಿಗೆ ಏನನ್ನೂ ಹೇಳುವುದಿಲ್ಲ. ಮೊದಲನೆಯದು ಕಂಸ ಹೊಂದದಿರುವುದು, ಎರಡನೆಯದು ಫಾರ್ಮುಲಾ ಸುತ್ತಿ ಬಂದು ತನ್ನನ್ನೇ ನೋಡುತ್ತಿರುವುದು. ಇಷ್ಟನ್ನು ಸೆಲ್ಲಿನಲ್ಲೇ ಮಾತಿನಲ್ಲಿ ಹೇಳಬಹುದಿತ್ತು.

ಆಡಿಟರಿಗೆ ಕಳಿಸುವಾಗ ಎಕ್ಸೆಲ್ ರೂಪದಲ್ಲಿ ಉಳಿಸಿದರೆ ಇಂಥ ಸರಳ ಫಾರ್ಮುಲಾಗಳು ಹಾಗೆಯೇ ಹೋಗುತ್ತವೆ. ಅಲ್ಪವಿರಾಮಗಳಿಂದ ಬೇರ್ಪಡಿಸಿದ ಬರಿಯ ಪಠ್ಯದ ಸಿಎಸ್‌ವಿ ಕಡತ ಕೇಳಿದರೆ ಬೇರೊಂದು ಪ್ರತಿ ಮಾಡಿ ಕೊಡಿ, ಏಕೆಂದರೆ ಅದರಲ್ಲಿ ತೆರೆದಿರುವ ಒಂದು ಹಾಳೆಯಲ್ಲಿ ಕಾಣುವ ಅಂಕಿ, ಪಠ್ಯಗಳಷ್ಟೇ ಉಳಿಯುತ್ತವೆ.